ಗಾಲಿಗೆ ಹತ್ತಿದ ಗಮ್: ಅಲಾಯ್ ಕೆಡಿಸದೆ ತೆಗೆಯುವುದು ಹೇಗೆ

ಪುಣೆಯಲ್ಲಿರುವ ನಮ್ಮ ಜನಕ್ಕೆ ಕಾರು ಅಂದರೆ ಅರ್ಧ ಊರಿನ ದಾರಿಯೇ. ಗಣೇಶ ಚೌತಿ, ದೀಪಾವಳಿ ಬಂತೆಂದರೆ ಕಾತ್ರಜ್ ದಾಟಿ, ಖಂಬಾಟ್ಕಿ ಘಾಟ್ ಹತ್ತಿಳಿದು, ಸಾತಾರಾ, ಕೊಲ್ಹಾಪುರ, ನಿಪ್ಪಾಣಿ ಮೇಲೆ ಬೆಳಗಾವಿ, ಹುಬ್ಬಳ್ಳಿ ಕಡೆ ಹೊರಡುತ್ತೇವೆ. ಹೊರಡುವ ಮುನ್ನ ಟೈರ್ ಅಂಗಡಿಯಲ್ಲಿ ಬ್ಯಾಲೆನ್ಸಿಂಗ್, ಅಂದರೆ ಗಾಲಿ ನಡುಗದೆ ತಿರುಗುವಂತೆ ಅದರ ತೂಕ ಸರಿದೂಗಿಸುವ ಕೆಲಸ, ಆಗುತ್ತದೆ. ಅಂಗಡಿಯವನು ಹಳೆಯ ವೇಟ್ (ಗಾಲಿಗೆ ಅಂಟಿಸುವ ಸಣ್ಣ ಲೋಹದ ತೂಕ) ಕಿತ್ತು ಹೊಸದನ್ನು ಅಂಟಿಸುತ್ತಾನೆ. ಹಳೆಯದರ ಗಮ್ ಅಲ್ಲೇ ಉಳಿಯುತ್ತದೆ. ಅದರ ಮೇಲೆ ಘಾಟಿನ ಬ್ರೇಕ್ ಪುಡಿ, ರಸ್ತೆ ಧೂಳು ಕೂತು ಕಪ್ಪಗೆ ಗಟ್ಟಿಯಾಗುತ್ತದೆ.

ಗಮ್‌ನಿಂದ ಗಾಲಿ ಕೆಡುವುದು ತೀರಾ ಅಪರೂಪ. ಅದನ್ನು ತೆಗೆಯುವ ಅವಸರದಲ್ಲಿ ಬಳಸುವ ಬ್ಲೇಡು, ಥಿನ್ನರ್, ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬರ್, ಬಾತ್‌ರೂಮ್ ಆಸಿಡ್, ಇವೇ ಕೆಡಿಸುವುದು. ಹಾಗಂತ ಗಮ್ ಇದ್ದಲ್ಲೇ ಇರಲಿ ಅಂತ ಬಿಡುವಂತೆಯೂ ಇಲ್ಲ. ಹಳೆ ಗಮ್ ಮೇಲೆ ಅಂಟಿಸಿದ ಹೊಸ ವೇಟ್ ಹೆಚ್ಚು ದಿನ ನಿಲ್ಲುವುದಿಲ್ಲ. ಅದು ಹೆದ್ದಾರಿಯಲ್ಲಿ ಉದುರಿದರೆ ಸ್ಟೀರಿಂಗ್ ನಡುಗಲು ಶುರುವಾಗುತ್ತದೆ. ಹಾಗಾಗಿ ಇದನ್ನು ಬರೀ ಅಂದದ ವಿಷಯ ಅಂತ ನಾನು ನೋಡುವುದಿಲ್ಲ.

ಕೈ ಹಚ್ಚುವ ಮುನ್ನ

ಗಾಲಿ ಪೂರ್ತಿ ತಣ್ಣಗಾಗಿರಬೇಕು. ಈಗಷ್ಟೇ ಓಡಿಸಿ ತಂದ ಕಾರಿನ ಬ್ರೇಕ್ ಡಿಸ್ಕ್ ಕೈ ಸುಡುತ್ತದೆ. ಅದರ ಹತ್ತಿರ ಸ್ಪಿರಿಟ್, ಟರ್ಪೆಂಟೈನ್ ತರುವುದು ಅಪಾಯ. ಕನಿಷ್ಠ ಒಂದು ಗಂಟೆ ಬಿಡಿ.

ಎರಡನೆಯದು ಬ್ರೇಕ್. ಗಮ್ ಬಿಡಿಸುವ ಎಣ್ಣೆ, ಸ್ಪ್ರೇ ಯಾವುದೇ ಇರಲಿ, ಡಿಸ್ಕ್ ಮತ್ತು ಪ್ಯಾಡ್‌ಗೆ ತಾಗಲೇಬಾರದು. ಗಾಲಿ ಬಿಚ್ಚಿ ಕೆಲಸ ಮಾಡುವುದೇ ಒಳ್ಳೆಯದು. ಬಿಚ್ಚದೆ ಮಾಡುವುದಾದರೆ ಸ್ಪ್ರೇ ಬೇಡ. ಬಟ್ಟೆಗೆ ಹಾಕಿಕೊಂಡು ಒರೆಸಿ, ಮತ್ತು ಗಾಲಿಯ ಕಡ್ಡಿಗಳ ಹಿಂದೆ ಡಿಸ್ಕ್ ಮುಚ್ಚುವಂತೆ ಪ್ಲಾಸ್ಟಿಕ್ ಚೀಲ ತುರುಕಿ. ಕೆಲಸ ಮುಗಿದ ಮೇಲೆ ಚೀಲ ತೆಗೆಯಲು ಮರೆಯಬೇಡಿ.

ಗಾಲಿ ಬಿಚ್ಚುವಾಗ ಸಮತಟ್ಟಾದ ನೆಲ ಬೇಕು. ಹ್ಯಾಂಡ್ ಬ್ರೇಕ್ ಎಳೆದು, ಎದುರು ತುದಿಯ ಗಾಲಿಗೆ ಕಲ್ಲು ಕೊಡಿ. ಬರೀ ಕಾರಿನ ಜ್ಯಾಕ್ ನಂಬಿ ಕೈ, ತಲೆ ಕಾರಿನಡಿ ಹಾಕಬೇಡಿ. ವಾಪಸ್ ಹಾಕುವಾಗ ನಟ್ಟುಗಳನ್ನು ಎದುರುಬದುರಾಗಿ ಬಿಗಿ ಮಾಡಿ. ಎಷ್ಟು ಬಿಗಿ ಅನ್ನುವುದು ಕಾರಿನ ಪುಸ್ತಕದಲ್ಲಿರುತ್ತದೆ. ಬಹಳಷ್ಟು ಕಾರುಗಳಿಗೆ ಅದು 90ರಿಂದ 120 ನ್ಯೂಟನ್ ಮೀಟರ್ ನಡುವೆ ಇರುತ್ತದೆ. ಐವತ್ತು, ನೂರು ಕಿ.ಮೀ. ಓಡಿಸಿದ ಮೇಲೆ ಇನ್ನೊಮ್ಮೆ ಪರೀಕ್ಷಿಸಿ.

ಅಪಾರ್ಟ್‌ಮೆಂಟ್ ಸೊಸೈಟಿಯ ಬೇಸ್‌ಮೆಂಟ್ ಪಾರ್ಕಿಂಗ್‌ನಲ್ಲಿ ಈ ಕೆಲಸ ಮಾಡಬೇಡಿ. ಸಾಲ್ವೆಂಟ್‌ಗಳ, ಅಂದರೆ ಗಮ್ ಕರಗಿಸುವ ದ್ರವಗಳ, ಆವಿ ಗಾಳಿಗಿಂತ ಭಾರ. ಅದು ಮೇಲೆ ಹೋಗದೆ ನೆಲದ ಮಟ್ಟದಲ್ಲೇ ಸೇರಿಕೊಳ್ಳುತ್ತದೆ. ಬಯಲಲ್ಲಿ, ನೆರಳಲ್ಲಿ ಮಾಡಿ. ಇನ್ನು ಪೆಟ್ರೋಲ್ ಹಾಕಿ ಒರೆಸುವ ರೂಢಿ ಹಲವರಿಗಿದೆ. ದಯವಿಟ್ಟು ಬೇಡ. ಪೆಟ್ರೋಲ್ ಆವಿ ಸೊನ್ನೆಗಿಂತ 40 ಡಿಗ್ರಿ ಕೆಳಗೂ ಹೊತ್ತಿಕೊಳ್ಳಬಲ್ಲದು. ಒಂದು ಕಿಡಿ ಸಾಕು.

ನಿಮ್ಮ ಗಾಲಿ ಯಾವ ಬಗೆಯದು

ಇದನ್ನು ತಿಳಿಯದೆ ಮುಂದೆ ಹೋಗಬೇಡಿ. ಒಂದು ಗಾಲಿಗೆ ಏನೂ ಮಾಡದ ದ್ರವ ಇನ್ನೊಂದನ್ನು ಹಾಳು ಮಾಡುತ್ತದೆ.

ಅಲಾಯ್ ಅಂದರೆ ಅಲ್ಯುಮಿನಿಯಂ ಮಿಶ್ರಲೋಹದ ಗಾಲಿ. ಹೆಚ್ಚಿನವುಗಳಲ್ಲಿ ಲೋಹದ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕಿಂತ ಮೇಲೆ ಪಾರದರ್ಶಕ ಕ್ಲಿಯರ್ ಕೋಟ್ ಇರುತ್ತದೆ. ಈ ಕ್ಲಿಯರ್ ಕೋಟ್ ತಲೆಕೂದಲಿಗಿಂತ ತೆಳು. ನೀವು ಕಾಪಾಡಬೇಕಾದದ್ದು ಅದನ್ನೇ. ಎದುರುಮುಖದಲ್ಲಿ ಹೊಳೆಯುವ ಲೋಹ, ಸಂದಿಗಳಲ್ಲಿ ಕಪ್ಪು ಬಣ್ಣ ಇದ್ದರೆ ಅದು ಡೈಮಂಡ್ ಕಟ್. ಹತ್ತಿರದಿಂದ ನೋಡಿದರೆ ಗುಂಡನೆಯ ಸಣ್ಣ ಸಣ್ಣ ಗೆರೆಗಳು ಕಾಣುತ್ತವೆ. ಲೇತ್ (ತಿರುಗಿಸುತ್ತಾ ಲೋಹ ಕೆತ್ತುವ ಯಂತ್ರ) ಮೇಲೆ ಕೆತ್ತಿದ ಗುರುತು ಅದು. ಅಲ್ಲಿ ಕ್ಲಿಯರ್ ಕೋಟ್ ಕೆಳಗೆ ನೇರ ಅಲ್ಯುಮಿನಿಯಂ ಇದೆ. ಕ್ಲಿಯರ್ ಕೋಟ್ ಸ್ವಲ್ಪ ಕಿತ್ತರೂ ನೀರು ಒಳಗೆ ಹೋಗಿ ಲೋಹ ಬೆಳ್ಳಗಾಗುತ್ತದೆ. ಇಂಥ ಗಾಲಿಗೆ ಎಲ್ಲಕ್ಕಿಂತ ಜಾಸ್ತಿ ಜೋಪಾನ ಬೇಕು.

ಸಣ್ಣ ಕಾರುಗಳಲ್ಲಿ ಅಲಾಯ್ ಹಾಗೆ ಕಾಣುವುದು ಎಷ್ಟೋ ಸಲ ಬರೀ ಪ್ಲಾಸ್ಟಿಕ್ ವೀಲ್ ಕ್ಯಾಪ್. ಉಗುರಿಂದ ತಟ್ಟಿ ನೋಡಿ, ಟೊಳ್ಳು ಸದ್ದು ಬರುತ್ತದೆ. ಅದಕ್ಕೆ ಥಿನ್ನರ್, ಅಸಿಟೋನ್ ತಾಗಿದರೆ ಪ್ಲಾಸ್ಟಿಕ್ಕೇ ಕರಗಬಹುದು. ಮನೆಯ ನೇಲ್ ಪಾಲಿಶ್ ರಿಮೂವರ್‌ನಲ್ಲೂ ಸಾಮಾನ್ಯವಾಗಿ ಅಸಿಟೋನ್ ಇರುತ್ತದೆ, ನೆನಪಿರಲಿ.

ಯಾವ ದ್ರವ ಬಳಸುವ ಮುನ್ನವೂ ಒಂದು ಪರೀಕ್ಷೆ ಮಾಡಿ. ಕಿವಿ ಸ್ವಚ್ಛ ಮಾಡುವ ಹತ್ತಿಕಡ್ಡಿಗೆ ಆ ದ್ರವ ಹಚ್ಚಿ, ಗಾಲಿಯ ಒಳಮೈಯಲ್ಲಿ ಯಾರಿಗೂ ಕಾಣದ ಜಾಗದಲ್ಲಿ ಒಂದು ನಿಮಿಷ ಒತ್ತಿಹಿಡಿಯಿರಿ. ಹತ್ತಿಗೆ ಗಾಲಿಯ ಬಣ್ಣ ಬಂದರೆ, ಅಥವಾ ಆ ಜಾಗ ಮೆತ್ತಗೆ, ಮಂಕಾಗಿ ಕಂಡರೆ ಆ ದ್ರವ ನಿಮ್ಮ ಗಾಲಿಗೆ ಆಗಿಬರುವುದಿಲ್ಲ. ಕಪ್ಪು ಕೊಳೆ ಮಾತ್ರ ಬಂದರೆ ಚಿಂತೆ ಇಲ್ಲ.

ಲಕ್ಷಣ: ಗಾಲಿಯ ಒಳಸುತ್ತಿನಲ್ಲಿ ಕಪ್ಪು ಚೌಕಗಳು, ಮುಟ್ಟಿದರೆ ಜಿಗುಟು

ಇದು ಹಳೆಯ ಬ್ಯಾಲೆನ್ಸಿಂಗ್ ವೇಟ್ ಗುರುತು. ಅಂಟಿಸುವ ವೇಟ್‌ಗಳು 5 ಅಥವಾ 10 ಗ್ರಾಂನ ಸಣ್ಣ ಚೌಕಗಳಾಗಿ ಸಾಲಾಗಿ ಬರುತ್ತವೆ. ಹಿಂದೆ ಡಬಲ್ ಟೇಪ್ ಇರುತ್ತದೆ. ವೇಟ್ ಕಿತ್ತಾಗ ಟೇಪಿನ ಸ್ಪಂಜು ಹರಿದು ಅರ್ಧ ಗಾಲಿಯಲ್ಲೇ ಉಳಿಯುತ್ತದೆ. ಉಗುರಿಂದ ಒತ್ತಿ ನೋಡಿ. ಮೆತ್ತಗೆ ತಗ್ಗಿ ಮೇಲೆ ಬಂದರೆ ಸ್ಪಂಜು ಇದೆ ಅಂತ ಅರ್ಥ. ತಗ್ಗದೆ ಬೆರಳಿಗೆ ಮಾತ್ರ ಹತ್ತಿದರೆ ಸ್ಪಂಜು ಹೋಗಿ ಬರೀ ಗಮ್ ಉಳಿದಿದೆ. ಎರಡಕ್ಕೂ ದಾರಿ ಬೇರೆ.

ಮೊದಲು ತೊಳೆಯಿರಿ. ಶಾಂಪೂ ಹಾಕಿದ ನೀರಿನಿಂದ ಮರಳು, ಬ್ರೇಕ್ ಪುಡಿ ಹೋಗಲಿ. ಈ ಹೆಜ್ಜೆಯನ್ನು ಸುಮ್ನೆ ಹಾರಿಸಬೇಡಿ. ಬ್ರೇಕ್ ಪುಡಿಯಲ್ಲಿ ಕಬ್ಬಿಣದ ಚೂರುಗಳಿರುತ್ತವೆ. ಅದರ ಮೇಲೇ ಬಟ್ಟೆ ಉಜ್ಜಿದರೆ ಮರಳುಕಾಗದದಲ್ಲಿ ಉಜ್ಜಿದ ಹಾಗೆ.

ಆಮೇಲೆ ಬಿಸಿ. ಕೂದಲು ಒಣಗಿಸುವ ಡ್ರೈಯರ್ ಸಾಕು. ನೀರು ಪೂರ್ತಿ ಒರೆಸಿದ ಮೇಲೆಯೇ ಹಚ್ಚಿ. ಒಂದು ಗೇಣು ದೂರದಿಂದ ಒಂದೆರಡು ನಿಮಿಷ ಆಡಿಸುತ್ತಾ ಹಿಡಿಯಿರಿ. ಗಾಲಿ ಕೈಗೆ ಬಿಸಿ ಅನ್ನಿಸಬೇಕು, ಆದರೆ ಬೆರಳು ಇಟ್ಟುಕೊಳ್ಳಲು ಆಗಬೇಕು. ಗಮ್ ಸಡಿಲಾಗಲು ಅಷ್ಟು ಬಿಸಿ ಸಾಕು. ಪೇಂಟ್ ಕೀಳುವ ಹೀಟ್ ಗನ್ ಬೇಡ. ಅದು ಕೆಲವು ನೂರು ಡಿಗ್ರಿಗೆ ಹೋಗುತ್ತದೆ. ಕ್ಲಿಯರ್ ಕೋಟ್ ಗುಳ್ಳೆ ಏಳುತ್ತದೆ, ಟೈರಿನ ರಬ್ಬರ್ ಕೂಡ ಕೆಡುತ್ತದೆ. ವಾಲ್ವ್ ಬುಡದಲ್ಲಿ ಗಾಳಿ ಒತ್ತಡ ತೋರಿಸುವ ಸೆನ್ಸರ್ ಇರುವ ಕಾರಾದರೆ ಆ ಕಡೆ ಬಿಸಿಯೇ ಬೇಡ.

ಬಿಸಿಯಾದ ಸ್ಪಂಜಿನ ಒಂದು ಮೂಲೆಯನ್ನು ಪ್ಲಾಸ್ಟಿಕ್ ಸ್ಕ್ರೇಪರ್‌ನಿಂದ ಎಬ್ಬಿಸಿ. ಅದಿಲ್ಲದಿದ್ದರೆ ಅವಧಿ ಮುಗಿದ ಎಟಿಎಂ ಕಾರ್ಡ್ ಆಗುತ್ತದೆ. ಗಾಲಿಗೆ ಆದಷ್ಟು ಮಟ್ಟವಾಗಿ, ಓರೆಯಾಗಿ ತಳ್ಳಿ. ಮೂಲೆ ಎದ್ದ ಮೇಲೆ ಬೆರಳಿಂದ ಹಿಡಿದು ನಿಧಾನ ಹಿಂದಕ್ಕೆ ಮಡಚಿ ಎಳೆಯಿರಿ. ನೇರ ಮೇಲಕ್ಕೆ ಎಳೆದರೆ ಹರಿಯುತ್ತದೆ. ಗಾಲಿಗೆ ಒತ್ತಿಕೊಂಡಂತೆ ಹಿಂದಕ್ಕೆ ಎಳೆದರೆ ಉದ್ದಕ್ಕೆ ಒಂದೇ ಪಟ್ಟಿಯಾಗಿ ಬರುತ್ತದೆ. ಹರಿಯಿತೋ, ಮತ್ತೆ ಬಿಸಿ ಕೊಡಿ. ಡಿಸೆಂಬರ್, ಜನವರಿಯ ಬೆಳಗಿನ ಚಳಿಯಲ್ಲಿ ಗಮ್ ಕಲ್ಲಾಗಿರುತ್ತದೆ. ಮಧ್ಯಾಹ್ನ ಶುರು ಮಾಡಿದರೆ ಅರ್ಧ ಶ್ರಮ ಕಡಿಮೆಯಾಗುತ್ತದೆ.

ಸ್ಪಂಜು ಹೋದ ಮೇಲೆ ಉಳಿಯುವ ತೆಳು ಗಮ್‌ಗೆ ಎಣ್ಣೆ. ಮೊದಲು ಮನೆಯಲ್ಲಿರುವ ಕೊಬ್ಬರಿ ಎಣ್ಣೆಯಿಂದಲೇ ಶುರು ಮಾಡಿ. ಅದು ಯಾವ ಫಿನಿಶ್‌ಗೂ ಏನೂ ಮಾಡುವುದಿಲ್ಲ. ಚಳಿಗೆ ಗಟ್ಟಿಯಾಗಿದ್ದರೆ ಕರಗಿಸಿಕೊಳ್ಳಿ. ಹತ್ತಿಯನ್ನು ಅದ್ದಿ ಗಮ್ ಮೇಲೆ ಅಂಟಿಸಿದ ಹಾಗೆ ಇಟ್ಟು ಅರ್ಧ ಗಂಟೆ ಬಿಡಿ. ಇಲ್ಲಿ ಕೆಲಸ ಮಾಡುವುದು ಸಮಯ. ಹೊಸ ಗಮ್ ಇದಕ್ಕೇ ಉಂಡೆ ಉಂಡೆಯಾಗಿ ಬಿಟ್ಟುಕೊಳ್ಳುತ್ತದೆ.

ಬಗ್ಗದಿದ್ದರೆ ನೀಲಗಿರಿ ಎಣ್ಣೆ. ನೆಗಡಿಗೆ ಅಂತ ಎಲ್ಲರ ಮನೆಯಲ್ಲೂ ಒಂದು ಬಾಟಲಿ ಇರುತ್ತದಲ್ವಾ, ಅದೇ. ಗಮ್ ಕರಗಿಸುವುದರಲ್ಲಿ ಇದು ಕೊಬ್ಬರಿ ಎಣ್ಣೆಗಿಂತ ಎಷ್ಟೋ ಚುರುಕು. ಚುರುಕಾದ್ದರಿಂದಲೇ ಮೂರ್ನಾಲ್ಕು ನಿಮಿಷಕ್ಕಿಂತ ಬಿಡಬೇಡಿ, ಪ್ಲಾಸ್ಟಿಕ್ ಕ್ಯಾಪ್ ಮೇಲೆ ಹಾಕಲೇಬೇಡಿ. ಅದು ಸಿಗದಿದ್ದರೆ ಸೀಮೆಎಣ್ಣೆ, ಹಾರ್ಡ್‌ವೇರ್ ಅಂಗಡಿಯ ಮಿನರಲ್ ಟರ್ಪೆಂಟೈನ್ ಅಥವಾ ಡಬ್ಲ್ಯೂಡಿ-40 ಕೂಡ ಇದೇ ಕೆಲಸ ಮಾಡುತ್ತವೆ. ಕಿತ್ತಳೆ ಸಿಪ್ಪೆಯ ಸಾರದಿಂದ ಮಾಡಿದ ಗಮ್ ರಿಮೂವರ್‌ಗಳು ಕಾರು ಬಿಡಿಭಾಗದ ಅಂಗಡಿಗಳಲ್ಲಿ ಸಿಗುತ್ತವೆ. ಹಣ ಕೊಡಲು ಸಿದ್ಧ ಇದ್ದರೆ ನಾನು ಆರಿಸಿಕೊಳ್ಳುವುದು ಅದನ್ನೇ.

ಥಿನ್ನರ್ ಬೇಡ ಅಂತ ಮತ್ತೆ ಹೇಳುತ್ತೇನೆ. ಗಮ್ ಒಂದೇ ಒರೆಸಿಗೆ ಹೋಗುವುದು ನಿಜ. ಕೆಲವು ಗಾಲಿಗಳ ಗಟ್ಟಿ ಪೌಡರ್ ಕೋಟ್ (ಪುಡಿ ಬಣ್ಣ ಕಾಯಿಸಿ ಕೂರಿಸಿದ ಪದರ) ಅದನ್ನು ತಡೆದುಕೊಳ್ಳುವುದೂ ನಿಜ. ಅದಕ್ಕೇ ಟೈರ್ ಅಂಗಡಿಗಳಲ್ಲಿ ಧೈರ್ಯವಾಗಿ ಬಳಸುತ್ತಾರೆ. ಆದರೆ ಒಮ್ಮೆ ರಿಪೇಂಟ್ ಆದ ಗಾಲಿಗೆ ಹಾಕಿದರೆ ಗಮ್ ಜೊತೆ ಬಣ್ಣವೂ ಬಟ್ಟೆಗೆ ಬರುತ್ತದೆ. ಸೆಕೆಂಡ್ ಹ್ಯಾಂಡ್ ಕಾರಾದರೆ ಗಾಲಿ ರಿಪೇಂಟ್ ಆಗಿದೆಯೋ ಇಲ್ಲವೋ ನಿಮಗೆ ಗೊತ್ತೇ ಇರುವುದಿಲ್ಲ.

ಡ್ರಿಲ್‌ಗೆ ಸಿಕ್ಕಿಸುವ ರಬ್ಬರ್ ಚಕ್ರ ಒಂದಿದೆ, ಕೊನೆಯ ಅಸ್ತ್ರ ಅದು. ಗಮ್ಮನ್ನು ಉಂಡೆ ಮಾಡಿ ಎತ್ತುತ್ತದೆ. ಒಂದೇ ಕಡೆ ಒತ್ತಿ ಹಿಡಿದರೆ ಬಿಸಿಯಾಗಿ ಕ್ಲಿಯರ್ ಕೋಟ್ ಸುಡುತ್ತದೆ. ಒಳಸುತ್ತಿನಲ್ಲಿ ಮಾತ್ರ, ಕಡಿಮೆ ವೇಗದಲ್ಲಿ, ಕನ್ನಡಕ ಹಾಕಿಕೊಂಡು ಬಳಸಿ. ಡೈಮಂಡ್ ಕಟ್ ಮುಖಕ್ಕೆ ತರಬೇಡಿ.

ಕಿತ್ತ ಹಳೆ ವೇಟ್‌ಗಳನ್ನು ಮಕ್ಕಳ ಕೈಗೆ ಸಿಗುವ ಹಾಗೆ ಬಿಡಬೇಡಿ. ಕೆಲವು ಈಗಲೂ ಸೀಸದವು. ಆಯಸ್ಕಾಂತ ಹಿಡಿದರೆ ಅಂಟದೆ ಇರುವುದು, ಉಗುರಿಗೆ ಗೀರು ಬೀಳುವುದು ಸೀಸ. ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ.

ಲಕ್ಷಣ: ಗಮ್ ಗುರುತು ಇದೆ, ವೇಟ್ ಇಲ್ಲ, ಹೆದ್ದಾರಿಯಲ್ಲಿ ಸ್ಟೀರಿಂಗ್ ನಡುಗುತ್ತದೆ

ಎಲ್ಲ ಗುರುತೂ ಬರೀ ಕಸವಲ್ಲ. ಒಳಸುತ್ತನ್ನು ಟಾರ್ಚ್ ಹಿಡಿದು ನೋಡಿ. ಚೌಕದ ಮೇಲೆ ಸುತ್ತಲಿನಷ್ಟೇ ಬ್ರೇಕ್ ಪುಡಿ ಕೂತಿದ್ದರೆ ಅದು ಹಳೆಯದು. ಸುತ್ತೆಲ್ಲ ಕಪ್ಪಗಿದ್ದು ಚೌಕ ಮಾತ್ರ ಸ್ವಚ್ಛವಾಗಿ ಹೊಳೆಯುತ್ತಿದ್ದರೆ, ಅಲ್ಲಿದ್ದ ವೇಟ್ ಇತ್ತೀಚೆಗೆ ಬಿದ್ದಿದೆ. ಒರೆಸುವ ಮುನ್ನ ಫೋನಿನಲ್ಲಿ ಒಂದು ಫೋಟೋ ತೆಗೆದುಕೊಳ್ಳಿ. ಟೈರ್ ಅಂಗಡಿಯವನಿಗೆ ಅದು ಉಪಯೋಗಕ್ಕೆ ಬರುತ್ತದೆ.

ವೇಟ್ ಯಾಕೆ ಬೀಳುತ್ತದೆ ಅನ್ನುವುದನ್ನು ಇಲ್ಲಿ ಸ್ವಲ್ಪ ನೋಡಬೇಕು. 15 ಇಂಚಿನ ಗಾಲಿಯ ಒಳಸುತ್ತಿನಲ್ಲಿ 30 ಗ್ರಾಂ ವೇಟ್ ಇದೆ ಅನ್ನಿ. ಕಾರು ಗಂಟೆಗೆ 100 ಕಿ.ಮೀ. ಓಡುವಾಗ ಗಾಲಿ ಸೆಕೆಂಡಿಗೆ ಹದಿನಾಲ್ಕು ಹದಿನೈದು ಸುತ್ತು ತಿರುಗುತ್ತದೆ. ಆಗ ಆ ವೇಟ್ ಹೊರಕ್ಕೆ ಒತ್ತುವ ಬಲ ಹತ್ತಿರ ಹತ್ತಿರ 5 ಕೆ.ಜಿ. ಭಾರದಷ್ಟು. ಆದರೆ ವೇಟ್ ಇರುವುದು ಸುತ್ತಿನ ಒಳಗೋಡೆಗೆ. ಹೊರಕ್ಕೆ ಒತ್ತಿದಷ್ಟೂ ಅದು ಗೋಡೆಗೇ ಅಂಟಿಕೊಳ್ಳಬೇಕು. ಅಂದರೆ ವೇಗಕ್ಕೆ ಅದು ಹಾರಿಹೋಗುವುದಿಲ್ಲ. ಬಿದ್ದಿದೆ ಅಂದರೆ ಅಂಟೇ ಸರಿಯಾಗಿ ಕೂತಿರಲಿಲ್ಲ. ಅಡಿಯಲ್ಲಿ ಹಳೆ ಗಮ್, ಎಣ್ಣೆ, ತೇವ ಅಥವಾ ಬ್ರೇಕ್ ಪುಡಿ ಇತ್ತು. ಇಲ್ಲವೇ ವಾಷಿಂಗ್ ಸೆಂಟರ್‌ನಲ್ಲಿ ಪ್ರೆಷರ್ ನೀರನ್ನು ತೀರಾ ಹತ್ತಿರದಿಂದ ಅಂಚಿಗೆ ಹೊಡೆದಿದ್ದಾರೆ. ಅದೇ 5 ಕೆ.ಜಿ.ಯ ಒತ್ತು ಸಮತೋಲನಕ್ಕೆ ಇಲ್ಲದಾದಾಗ ಸ್ಟೀರಿಂಗ್‌ನಲ್ಲಿ ನಿಮಗೆ ತಿಳಿಯುತ್ತದೆ.

ನಡುಕ ಗಂಟೆಗೆ 80ರಿಂದ 110 ಕಿ.ಮೀ. ನಡುವೆ ಬಂದು ಸ್ಟೀರಿಂಗ್‌ನಲ್ಲಿ ಕಂಡರೆ ಮುಂದಿನ ಗಾಲಿ ನೋಡಿ. ಸೀಟಿನಲ್ಲಿ, ನೆಲದಲ್ಲಿ ಕಂಡರೆ ಹಿಂದಿನದು. ಎರಡಕ್ಕೂ ಬ್ಯಾಲೆನ್ಸಿಂಗ್ ಸಾಕಾಗಬಹುದು. ಬ್ರೇಕ್ ಒತ್ತಿದಾಗ ಮಾತ್ರ ನಡುಕ ಬಂದರೆ ವೇಟ್‌ಗೂ ಅದಕ್ಕೂ ಸಂಬಂಧ ಇಲ್ಲ, ಡಿಸ್ಕ್ ನೋಡಿಸಿ. 30, 40ರ ವೇಗದಲ್ಲೇ ಕಾರು ಕುಣಿದರೆ ಟೈರ್ ಉಬ್ಬಿರಬಹುದು, ಗುಂಡಿಗೆ ಬಿದ್ದು ರಿಮ್ ಬೆಂಡಾಗಿರಬಹುದು. ಟೈರ್ ಪಕ್ಕದಲ್ಲಿ ಉಬ್ಬು ಕಂಡರೆ ಅಲ್ಲೇ ನಿಲ್ಲಿಸಿ ಸ್ಟೆಪ್ನಿ ಹಾಕಿ. ಅದರ ಮೇಲೆ ಘಾಟ್ ಇಳಿಯಬೇಡಿ.

ಇನ್ನೊಂದು ಮಾತು. ಗಮ್ ತೆಗೆಯುವಾಗ ಗಟ್ಟಿಯಾಗಿ ಕೂತಿರುವ ವೇಟ್ ಅಡ್ಡ ಬಂತು ಅಂತ ಕೀಳಬೇಡಿ. ಕಿತ್ತರೆ ಮತ್ತೆ ಬ್ಯಾಲೆನ್ಸಿಂಗ್ ಮಾಡಿಸಲೇಬೇಕು. ಕೈಯಳತೆಯಲ್ಲಿ ಅದೇ ಜಾಗಕ್ಕೆ ಅಂಟಿಸಿದರೆ ಸಾಲದು.

ಲಕ್ಷಣ: ಎದುರುಮುಖದ ಮೇಲೆ ಹಳದಿ, ಜಿಗುಟು ಕಲೆ

ಹೊಸ ಗಾಲಿಗೆ ಅಂಟಿಸಿದ್ದ ಫಿಲ್ಮ್, ಅಳತೆಯ ಸ್ಟಿಕ್ಕರ್, ಅಲಂಕಾರದ ಪಟ್ಟಿ ಇವುಗಳ ಉಳಿಕೆ ಇದು. ಬಿಸಿಲಿಗೆ ಗಮ್ ಹಳದಿಯಾಗುತ್ತದೆ. ಏಪ್ರಿಲ್ ತಿಂಗಳ ಪುಣೆಯ ಬಿಸಿಲು ಕಂಡ ಸ್ಟಿಕ್ಕರ್ ಚೂರು ಚೂರಾಗಿ ಬರುತ್ತದೆಯೇ ಹೊರತು ಒಂದಾಗಿ ಬರುವುದಿಲ್ಲ.

ಇಲ್ಲಿ ಕಾರ್ಡ್ ಕೂಡ ಬೇಡ ಅನ್ನುತ್ತೇನೆ. ಎದುರುಮುಖದಲ್ಲಿ ಸಣ್ಣ ಗೀರೂ ಕಾಣುತ್ತದೆ. ಬಿಸಿ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಐದು ನಿಮಿಷ ಅದರ ಮೇಲೆ ಹಾಕಿ, ಹೆಬ್ಬೆರಳ ಮೆತ್ತನೆ ಭಾಗದಿಂದ ಉರುಳಿಸಿ. ಉಳಿದದ್ದಕ್ಕೆ ಎಣ್ಣೆ, ಆಮೇಲೆ ಮೈಕ್ರೋಫೈಬರ್ ಬಟ್ಟೆ. ಬಟ್ಟೆಯ ಬದಿ ಆಗಾಗ ಬದಲಿಸಿ. ಮಧ್ಯದ ಲೋಗೋ ಕ್ಯಾಪಿನ ಅಂಚಿಗೆ ಎಣ್ಣೆ ಹರಿಯದಂತೆ ನೋಡಿಕೊಳ್ಳಿ. ಆ ಲೋಗೋ ನಿಂತಿರುವುದೂ ಗಮ್ ಮೇಲೇ. ನೀವು ಬಿಡಿಸಲು ಹೊರಟದ್ದು ಒಂದು, ಬಿಟ್ಟುಕೊಳ್ಳುವುದು ಇನ್ನೊಂದು ಆಗಬಾರದು.

ಲಕ್ಷಣ: ಉಜ್ಜಿದಷ್ಟೂ ಹರಡುತ್ತದೆ

ಗಮ್ ಕರಗಿದೆ, ಆದರೆ ಎತ್ತಿಕೊಳ್ಳಲು ಬಟ್ಟೆಯಲ್ಲಿ ಜಾಗ ಇಲ್ಲ. ಅದೇ ಬಟ್ಟೆಯಿಂದ ಸುತ್ತ ಉಜ್ಜುತ್ತಿದ್ದೀರಿ. ನಿಲ್ಲಿಸಿ. ಒಣ ಟಿಶ್ಯೂ ಕಾಗದ ಇಟ್ಟು ಒತ್ತಿ ಎತ್ತಿ. ಹೊಸ ಎಣ್ಣೆ, ಹೊಸ ಬಟ್ಟೆ, ಹೊರಗಿನಿಂದ ಒಳಕ್ಕೆ ಒಂದೇ ದಿಕ್ಕಿನಲ್ಲಿ ಒರೆಸಿ. ಆಮೇಲೆ ಪಾತ್ರೆ ಸೋಪಿನ ನೀರಿನಿಂದ ಎಣ್ಣೆ ತೊಳೆಯಿರಿ. ಒಣಗಿದ ಮೇಲೆ ಬೆರಳು ಜಾರಿದರೆ ಆಯಿತು. ಹಿಡಿದಂತಾದರೆ ಇನ್ನೊಂದು ಸುತ್ತು.

ಲಕ್ಷಣ: ಕಲೆ ಇದೆ, ಎಣ್ಣೆಗೆ ಜಗ್ಗುವುದಿಲ್ಲ

ಬಹುಶಃ ಅದು ಗಮ್ಮೇ ಅಲ್ಲ. ಇಲ್ಲಿ ಸ್ವಲ್ಪ ತಡೆದು ನೋಡಿದರೆ ತುಂಬ ಶ್ರಮ ಉಳಿಯುತ್ತದೆ. ಬಿಳಿ ಬಟ್ಟೆಗೆ ಸೀಮೆಎಣ್ಣೆ ಅಥವಾ ಟರ್ಪೆಂಟೈನ್ ಹಾಕಿ ಒಂದು ಚುಕ್ಕೆ ಒರೆಸಿ. ಬಟ್ಟೆಗೆ ಕಂದುಗಪ್ಪು ಬಣ್ಣ ಹರಿದು ಬಂದರೆ ಅದು ಡಾಂಬರು. ಹೊಸದಾಗಿ ಡಾಂಬರು ಹಾಕಿದ ರಸ್ತೆಯಲ್ಲಿ ಹೋಗಿ ಬಂದಿದ್ದರೆ ಸಹಜ. ಅದೇ ಸೀಮೆಎಣ್ಣೆ ಅಥವಾ ಟರ್ಪೆಂಟೈನ್‌ನಿಂದ ಹೋಗುತ್ತದೆ. ಡಾಂಬರು ಕರಗಿ ಹರಿಯುತ್ತದೆ, ಟೇಪಿನ ಗಮ್ ಉಂಡೆಯಾಗಿ ಉರುಳುತ್ತದೆ. ಗುರುತು ಹಿಡಿಯಲು ಇದಕ್ಕಿಂತ ಸುಲಭದ ದಾರಿ ಇಲ್ಲ.

ಸಾಸಿವೆಗಿಂತ ಸಣ್ಣ ಕಂದು ಚುಕ್ಕೆಗಳು, ಮುಟ್ಟಿದರೆ ತರಿ ತರಿ, ಜಿಗುಟಿಲ್ಲ. ಇದು ಬ್ರೇಕ್‌ನಿಂದ ಬಿಸಿಯಾಗಿ ಹಾರಿ ಕ್ಲಿಯರ್ ಕೋಟ್‌ಗೆ ಕಚ್ಚಿಕೊಂಡ ಕಬ್ಬಿಣ. ಮುಂದಿನ ಗಾಲಿಗಳಲ್ಲಿ ಜಾಸ್ತಿ. ಎಣ್ಣೆಯಿಂದ ಹೋಗದು. ಐರನ್ ರಿಮೂವರ್ ಹಾಕಿದರೆ ನೇರಳೆ ಬಣ್ಣಕ್ಕೆ ತಿರುಗಿ ಇಳಿಯುತ್ತದೆ. ಅದರ ವಾಸನೆ ಕೆಟ್ಟದ್ದು, ಕೈಗೆ ಗ್ಲೌಸ್ ಬೇಕು, ಗಾಲಿಯ ಮೇಲೆ ಒಣಗಲು ಬಿಡಬಾರದು.

ಬಿಳಿ ಉಂಗುರದಂಥ ಕಲೆಗಳು ಟ್ಯಾಂಕರ್ ನೀರಿನ ಕೊಡುಗೆ. ವಾಕಡ್, ಹಿಂಜವಡಿ ಕಡೆಯ ಸೊಸೈಟಿಗಳಲ್ಲಿ ಟ್ಯಾಂಕರ್ ನೀರಿನಿಂದ ಕಾರು ತೊಳೆದು ಬಿಸಿಲಲ್ಲಿ ಒಣಗಲು ಬಿಟ್ಟರೆ ನೀರಿನ ಸುಣ್ಣ ಉಳಿಯುತ್ತದೆ. ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಒಂದು ನಿಮಿಷ ಇಟ್ಟು ಚೆನ್ನಾಗಿ ತೊಳೆಯಿರಿ. ಕ್ಲಿಯರ್ ಕೋಟ್ ಕಿತ್ತು ಲೋಹ ಕಾಣುವ ಕಡೆ ವಿನೆಗರ್ ಬೇಡ. ಬಾತ್‌ರೂಮ್ ಟೈಲ್ಸ್ ಆಸಿಡ್ ಯಾವ ಗಾಲಿಗೂ ಬೇಡ. ಅಲ್ಯುಮಿನಿಯಂ ಅದನ್ನು ಕಂಡರೆ ಕುದಿಯುತ್ತದೆ.

ಟೈರ್ ಮತ್ತು ರಿಮ್ ಸೇರುವ ಕಡೆ ಕಪ್ಪು ಗಟ್ಟಿ ಮೇಣದಂಥದ್ದು ಕಂಡರೆ ಅದನ್ನು ಮುಟ್ಟಬೇಡಿ. ಗಾಳಿ ಸೋರದಂತೆ ಅಂಗಡಿಯಲ್ಲಿ ಹಚ್ಚಿದ ಬೀಡ್ ಸೀಲರ್ ಇರಬಹುದು. ಕೆದಕಿದರೆ ದಿನ ಬೆಳಗಾದರೆ ಗಾಳಿ ಕಡಿಮೆ.

ಲಕ್ಷಣ: ಗಮ್ ಹೋಯಿತು, ಮಂಕು ಉಳಿಯಿತು

ಆ ಜಾಗಕ್ಕೆ ನೀರು ಚಿಮುಕಿಸಿ. ಒದ್ದೆ ಇರುವಾಗ ಮಂಕು ಮಾಯವಾಗಿ, ಒಣಗಿದಾಗ ಮತ್ತೆ ಬಂದರೆ ತೊಂದರೆ ಕ್ಲಿಯರ್ ಕೋಟ್‌ನ ಮೇಲ್ಮೈಯಲ್ಲಿದೆ. ಸಣ್ಣ ಗೀರು, ಅಥವಾ ಸಾಲ್ವೆಂಟ್ ಮೇಲುಮೇಲೆ ಕಚ್ಚಿದೆ. ನಯವಾದ ಕಾರ್ ಪಾಲಿಶ್ ತೆಗೆದುಕೊಂಡು ಸ್ಪಂಜಿನಿಂದ ಕೈಯಲ್ಲೇ ಹಗುರ ಉಜ್ಜಿ, ಆಮೇಲೆ ವ್ಯಾಕ್ಸ್ ಹಚ್ಚಿ. ಒರಟು ರಬ್ಬಿಂಗ್ ಕಾಂಪೌಂಡ್‌ನಿಂದ ಶುರು ಮಾಡಬೇಡಿ. ಮ್ಯಾಟ್ ಕಪ್ಪು ಗಾಲಿಗೆ ಪಾಲಿಶೇ ಬೇಡ, ಅದು ಅಲ್ಲಲ್ಲಿ ಹೊಳೆಯಲು ಶುರುವಾಗುತ್ತದೆ. ಮತ್ತೆ ಮ್ಯಾಟ್ ಮಾಡಲು ಆಗುವುದಿಲ್ಲ.

ಒದ್ದೆಯಲ್ಲೂ ಮಂಕು ಹಾಗೇ ಕಂಡರೆ ಅದು ಕ್ಲಿಯರ್ ಕೋಟ್ ಕೆಳಗಿದೆ. ಪಾಲಿಶ್‌ಗೆ ಕೈ ಹಾಕಬೇಡಿ.

ನಿಲ್ಲಿಸಬೇಕಾದ ಗುರುತುಗಳು

ಉಗುರು ಆಡಿಸಿದಾಗ ಅಂಚು ತಡೆದರೆ, ಸಿಪ್ಪೆಯ ಹಾಗೆ ಪಾರದರ್ಶಕ ಪದರ ಏಳುತ್ತಿದ್ದರೆ, ಕ್ಲಿಯರ್ ಕೋಟ್ ಬಿಟ್ಟಿದೆ. ಡೈಮಂಡ್ ಕಟ್ ಗಾಲಿಯಲ್ಲಿ ಬಿಳಿ ಹುಳ ಹರಿದಂಥ ಗೆರೆಗಳು ಒಳಗೊಳಗೇ ಹಬ್ಬಿದ್ದರೆ ಕೆಳಗಿನ ಲೋಹ ತುಕ್ಕು ಹಿಡಿಯುತ್ತಿದೆ. ಗಮ್ ಅಲ್ಲಿಗೆ ನೆಪ ಮಾತ್ರ. ಇನ್ನು ಯಾವ ಎಣ್ಣೆ, ಬಿಸಿ, ಸ್ಕ್ರೇಪರ್ ತಂದರೂ ಪದರ ಮತ್ತಷ್ಟು ಏಳುತ್ತದೆ. ಅಲಾಯ್ ರಿಪೇರಿ ಮಾಡುವವರ ಹತ್ತಿರ ಕೊಂಡೊಯ್ಯಿರಿ. ಡೈಮಂಡ್ ಕಟ್ ಗಾಲಿಯನ್ನು ಕಂಪ್ಯೂಟರ್ ನಡೆಸುವ ಸಿಎನ್‌ಸಿ ಲೇತ್ ಮೇಲೆ ಮತ್ತೆ ಕೆತ್ತಬೇಕಾಗುತ್ತದೆ. ಪ್ರತಿ ಸಲ ಲೋಹ ತೆಳುವಾಗುವುದರಿಂದ ಅದನ್ನು ಬೇಕಾದಷ್ಟು ಸಲ ಮಾಡಲಾಗದು. ಮಳೆಗಾಲಕ್ಕೆ ಮುಂಚೆ ಮಾಡಿಸಿದರೆ ಒಳ್ಳೆಯದು, ನೀರು ಸೇರಿದಷ್ಟೂ ಗೆರೆ ಬೆಳೆಯುತ್ತದೆ.

ಗಾಲಿಯ ಒಳಸುತ್ತಿನಲ್ಲಿ ಗಮ್ ತೆಗೆದಾಗ ಕೂದಲೆಳೆಯಂಥ ಬಿರುಕು ಕಂಡರೆ ಬಣ್ಣದ ಚಿಂತೆ ಬಿಡಿ. ಆ ಗಾಲಿಯ ಮೇಲೆ ಕಾರು ಓಡಿಸಬೇಡಿ.

ಬ್ರೇಕ್‌ಗೆ ಎಣ್ಣೆ ತಾಗಿದ್ದರೆ

ಕೆಲಸ ಮುಗಿದ ಮೇಲೆ ಮೊದಲ ಬ್ರೇಕ್‌ಗಳನ್ನು ಸೊಸೈಟಿ ಒಳಗೇ ನಡಿಗೆಯ ವೇಗದಲ್ಲಿ ಹಿಡಿದು ನೋಡಿ. ಕಾರು ಒಂದು ಬದಿಗೆ ಎಳೆದರೆ, ಕಿರುಚಿದರೆ, ಅಥವಾ ಪೆಡಲ್ ಎಂದಿನಂತಿದ್ದೂ ಹಿಡಿತ ಕಡಿಮೆ ಅನ್ನಿಸಿದರೆ ಎಣ್ಣೆ ತಾಗಿದೆ. ರಸ್ತೆಗೆ ಇಳಿಸಬೇಡಿ. ಡಿಸ್ಕ್ ಮೇಲೆ ಮಾತ್ರ ಇದ್ದರೆ ಬ್ರೇಕ್ ಕ್ಲೀನರ್‌ನಿಂದ ಹೋಗುತ್ತದೆ. ಪ್ಯಾಡ್ ಎಣ್ಣೆ ಹೀರಿದ್ದರೆ ಬದಲಿಸಲೇಬೇಕು, ಅದೂ ಎರಡೂ ಬದಿಯದು. ಬೆಂಕಿಗೆ ಹಿಡಿದು ಒಣಗಿಸಿ ಹಾಕುವ ಸಲಹೆಯನ್ನು ಕೇಳಬೇಡಿ. ಬ್ರೇಕ್ ಕ್ಲೀನರ್ ಹೊಡೆದ ಕಡೆ ಬಿಸಿಯೂ ತರಬೇಡಿ. ಕೆಲವು ಕ್ಲೀನರ್‌ಗಳು ಕಾದರೆ ವಿಷದ ಗಾಳಿ ಬಿಡುತ್ತವೆ.

ಹೊಸ ವೇಟ್ ಅಂಟಿಸುವ ಮುನ್ನ

ಎಣ್ಣೆಯಿಂದ ಗಮ್ ತೆಗೆದ ಜಾಗಕ್ಕೆ ನೇರವಾಗಿ ವೇಟ್ ಅಂಟದು. ಸೋಪಿನಿಂದ ತೊಳೆದು ಒಣಗಿಸಿ. ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್‌ಗೆ ಅಷ್ಟೇ ನೀರು ಬೆರೆಸಿ ಬಿಳಿ ಬಟ್ಟೆಯಿಂದ ಒರೆಸಿ. ಬಟ್ಟೆ ಬಿಳಿಯಾಗೇ ಉಳಿಯುವವರೆಗೆ ಒರೆಸಬೇಕು. ಟೈರ್ ಅಂಗಡಿಯಲ್ಲಿ ಗಡಿಬಿಡಿ ಇದ್ದರೂ ಈ ಒಂದು ಕೆಲಸ ನಿಮ್ಮ ಕಣ್ಣೆದುರೇ ಆಗಲಿ. ವೇಟ್ ಇಟ್ಟ ಮೇಲೆ ಹೆಬ್ಬೆರಳಿಂದ ಪ್ರತಿ ಚೌಕವನ್ನೂ ಗಟ್ಟಿಯಾಗಿ ಒತ್ತಿಸಿ. ವೇಟ್ ಹಿಂದಿನ ಅಕ್ರಿಲಿಕ್ ಟೇಪ್ ಒತ್ತಿದ ಕೂಡಲೇ ಪೂರ್ತಿ ಬಲಕ್ಕೆ ಬರುವುದಿಲ್ಲ. ಒಂದು ದಿನದಲ್ಲಿ ಬಹುಪಾಲು, ಸುಮಾರು 72 ಗಂಟೆಯಲ್ಲಿ ಪೂರ್ತಿ ಹಿಡಿತ ಬರುತ್ತದೆ. ಹಾಗಾಗಿ ಬ್ಯಾಲೆನ್ಸಿಂಗ್ ಆದ ದಿನವೇ ಪ್ರೆಷರ್ ವಾಶ್ ಬೇಡ. ಊರಿಗೆ ಹೊರಡುವುದು ಶನಿವಾರ ಆದರೆ ಟೈರ್ ಅಂಗಡಿಗೆ ಬುಧವಾರವೇ ಹೋಗಿ ಬನ್ನಿ.